ಎಲ್ಯೂಸಿಸ್ ಆಡುವವರು ಇದ್ದೀರಾ? ಗುಟ್ಟಿನ ನಿಯಮ ಎಷ್ಟು ಕಷ್ಟ ಇರಬೇಕು?

ಕಳಾವರ್ ರಾಣಿ (ಬನಶಂಕರಿ)

ಇಸ್ಪೀಟೆಲೆಯಲ್ಲಿ ಆಡುವ ಎಲ್ಯೂಸಿಸ್ ಬಗ್ಗೆ ಕನ್ನಡದಲ್ಲಿ ಯಾರಾದರೂ ಮಾತಾಡಿದ್ದಾರಾ ಅಂತ ಹುಡುಕಿದೆ, ಸಿಗಲಿಲ್ಲ. ಅದಕ್ಕೆ ನಾನೇ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಆಟ ಏನು ಅಂತ ಹೇಳಿಬಿಡುತ್ತೇನೆ. ಎಲೆ ಹಂಚುವವರು ಒಂದು ನಿಯಮ ಯೋಚಿಸಿ ಚೀಟಿಯಲ್ಲಿ ಬರೆದು ಮಡಚಿ ಇಡುತ್ತಾರೆ. ಯಾವ ಎಲೆಯ ಮುಂದೆ ಯಾವ ಎಲೆ ಬರಬಹುದು ಅನ್ನುವುದೇ ಆ ನಿಯಮ. ಉಳಿದವರಿಗೆ ಅದು ಗೊತ್ತಿಲ್ಲ. ಎರಡು ಕಟ್ಟು ಕಲೆಸಿ ಎಲ್ಲರಿಗೂ 14 ಎಲೆ ಹಂಚುತ್ತಾರೆ, ಹಂಚುವವರಿಗೆ ಎಲೆ ಇಲ್ಲ. ಒಂದು ಎಲೆ ನೆಲದ ಮೇಲೆ ಬಿಚ್ಚಿಡುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಎಲೆ ಹಾಕುತ್ತಾ ಹೋಗುವುದು. ಹಂಚಿದವರು ಸರಿ ಅಂದರೆ ಅದು ಸಾಲಿನಲ್ಲಿ ಬಲಕ್ಕೆ ಸೇರುತ್ತದೆ. ತಪ್ಪು ಅಂದರೆ ಕೊನೆಯ ಸರಿ ಎಲೆಯ ಕೆಳಗೆ ಇಡಬೇಕು, ದಂಡವಾಗಿ ಎರಡು ಎಲೆ ಕೈಗೆ ತಗೋಬೇಕು. ಕೈ ಖಾಲಿ ಮಾಡುವುದು, ನಿಯಮ ಕಂಡುಹಿಡಿಯುವುದು, ಇಷ್ಟೇ ಆಟ. ಎಕ್ಕ ಅಂದರೆ 1, ಗುಲಾಮ 11, ರಾಣಿ 12, ರಾಜ 13.

ಈಗ ನನ್ನ ಪ್ರಶ್ನೆ. ನಮ್ಮ ಗುಂಪಿನಲ್ಲಿ ಎಲ್ಲರೂ ಚುರುಕು, ಆದರೂ ಜಾಸ್ತಿ ಸಲ ಆಟ ಅರ್ಧಕ್ಕೇ ಸಾಯುತ್ತದೆ. ಎಲ್ಲರ ಕೈಯಲ್ಲೂ ಮೂವತ್ತು ಮೂವತ್ತು ಎಲೆ ಸೇರಿ, ಯಾರಿಗೂ ಏನೂ ಹೊಳೆಯದೆ, ಕೊನೆಗೆ ಒಬ್ಬರು ಕಾಫಿ ಮಾಡಲು ಎದ್ದು ಹೋಗುತ್ತಾರೆ. ಆಮೇಲೆ ಚೀಟಿ ಬಿಚ್ಚಿ ನೋಡಿದರೆ, "ಹಿಂದಿನ ಎರಡು ಎಲೆ ಕೂಡಿಸಿದಾಗ 3ರಿಂದ ಭಾಗ ಆದರೆ ಕೆಂಪು, ಇಲ್ಲದಿದ್ದರೆ ಕಪ್ಪು" ಅಂತ ಇರುತ್ತದೆ. ಬರೆದವರು "ಇದು ಸುಲಭ ಅಲ್ವಾ?" ಅನ್ನುತ್ತಾರೆ! ನೀವೆಲ್ಲ ನಿಯಮ ಹೇಗೆ ಆರಿಸುತ್ತೀರಿ? ಕಷ್ಟ ಎಷ್ಟಿದ್ದರೆ ಚೆನ್ನ?

ಹೈಸ್ಕೂಲ್ ಮೇಷ್ಟ್ರು (ರಾಜಾಜಿನಗರ)

ರಾಣಿಯವರೇ, ಒಳ್ಳೆ ಪ್ರಶ್ನೆ. ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೇನೆ. ನಿಯಮ ಬರೆದ ಮೇಲೆ ಯಾವುದಾದರೂ ಒಂದು ಎಲೆ ನೆಲದ ಮೇಲಿದೆ ಅಂದುಕೊಳ್ಳಿ. 52 ಎಲೆಯಲ್ಲಿ ಅದರ ಮುಂದೆ ಎಷ್ಟು ಎಲೆ ನಡೆಯುತ್ತವೆ ಅಂತ ಎಣಿಸಿ. ಉದಾಹರಣೆಗೆ ಈ ಆಟದಲ್ಲಿ ತುಂಬಾ ಹಳೆಯ ನಿಯಮ ಒಂದಿದೆ: ಕೊನೆಯ ಎಲೆ ಬೆಸ ಆದರೆ ಮುಂದೆ ಕಪ್ಪು, ಸಮ ಆದರೆ ಮುಂದೆ ಕೆಂಪು. ಇದರಲ್ಲಿ ಯಾವಾಗ ನೋಡಿದರೂ 26 ಎಲೆ ನಡೆಯುತ್ತವೆ, ಅಂದರೆ ಸರಿಯಾಗಿ ಅರ್ಧ. ಕಣ್ಣು ಮುಚ್ಚಿ ಹಾಕಿದವರಿಗೂ ಎರಡರಲ್ಲಿ ಒಂದು ಸಲ ಸರಿ ಬೀಳುತ್ತದೆ, ಸಾಲು ಬೆಳೆಯುತ್ತದೆ, ನೋಡಲು ಏನಾದರೂ ಇರುತ್ತದೆ.

ಈಗ "ಹಿಂದಿನದಕ್ಕಿಂತ ಒಂದು ಹೆಚ್ಚು" ಅನ್ನುವ ನಿಯಮ ತಗೊಳ್ಳಿ. ಒಂದನೇ ಕ್ಲಾಸಿನ ಮಗುವಿಗೂ ಅರ್ಥ ಆಗುತ್ತದೆ. ಆದರೆ ನಡೆಯುವುದು 52ರಲ್ಲಿ 4 ಎಲೆ ಮಾತ್ರ. ಹಾಕಿದ್ದೆಲ್ಲ ತಪ್ಪು, ತಪ್ಪು, ತಪ್ಪು. ಸಾಲಿನಲ್ಲಿ ಎರಡೇ ಎಲೆ, ಕೆಳಗೆ ಉದ್ದ ಬಾಲ. ಹೇಳಲು ಸುಲಭ ಇರುವ ನಿಯಮ ಆಡಲು ಸುಲಭ ಇರಬೇಕು ಅಂತ ಇಲ್ಲ.

ನಿಮ್ಮ ಗುಂಪಿನ ಆ ಮೂರರಿಂದ ಭಾಗಿಸುವ ನಿಯಮದಲ್ಲಿ ತೊಂದರೆ ಬೇರೆ. ಅಲ್ಲೂ 26 ಎಲೆ ನಡೆಯುತ್ತವೆ. ಆದರೆ ಕಾರಣ ಎರಡು ಎಲೆ ಹಿಂದೆ ಅಡಗಿ ಕೂತಿದೆ, ಅದರ ಮೇಲೆ ಕೂಡಿಸಬೇಕು, ಭಾಗಿಸಬೇಕು. ಆಡುವವರು ಕೊನೆಯ ಒಂದು ಎಲೆಯನ್ನು ನೋಡುತ್ತಾರೆ. ಹಾಗಾಗಿ ನನ್ನ ಸಲಹೆ: ಕೊನೆಯ ಒಂದೇ ಎಲೆಯನ್ನು ನೋಡಿ, ಅದರ ಒಂದೇ ಗುಣ ಹಿಡಿದು, ಅರ್ಧದ ಹತ್ತಿರ ಎಲೆಗಳನ್ನು ಒಪ್ಪುವ ನಿಯಮ ಮಾಡಿ. ನಿಮಗೆ ತೀರಾ ಪೇಲವ ಅನ್ನಿಸುತ್ತದೆ. ಅನ್ನಿಸಲಿ. ಚೀಟಿ ನಿಮ್ಮ ಕೈಯಲ್ಲಿದೆ, ಅದಕ್ಕೇ ಹಾಗೆ ಕಾಣುತ್ತದೆ.

ಇನ್ನೊಂದು ಮಾತು. ಈ ಆಟ ಮಾಡಿದ್ದು ಅಮೆರಿಕದ ರಾಬರ್ಟ್ ಅಬಾಟ್, 1956ರಲ್ಲಿ. 1959ರಲ್ಲಿ ಮಾರ್ಟಿನ್ ಗಾರ್ಡನರ್ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೆಸರಾಯಿತು. 1977ರಲ್ಲಿ ಅಬಾಟ್ ತಿದ್ದಿದ ಹೊಸ ಆವೃತ್ತಿಯ ಬಗ್ಗೆ ಗಾರ್ಡನರ್ ಮತ್ತೆ ಬರೆದರು. ಈ ಹೊಸ ಆವೃತ್ತಿಯ ಅಂಕ ಲೆಕ್ಕದಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ, ಸಂಜೆ ಬರೆಯುತ್ತೇನೆ. ಈಗ ಪೇಪರ್ ತಿದ್ದುವುದಿದೆ.

ಗಾಂಧಿ ಬಜಾರ್ ತಾತ

ನಾನು ಇಪ್ಪತ್ತೆಂಟು ಅನ್ನುವ ಇಸ್ಪೀಟಾಟ ಆಡಿಕೊಂಡು ಬಂದವನು. ನಿಮ್ಮ ಆಟದ ವಿವರ ಓದಿದೆ. ಇಪ್ಪತ್ತೆಂಟರಲ್ಲೂ ಊಹೆ ಇದೆ ಅಲ್ವಾ? ತುರುಪು ಮಗುಚಿ ಇಟ್ಟಿರುತ್ತಾರೆ. ಯಾರು ಏನು ಹಾಕಿದರು, ಯಾರು ತಡವರಿಸಿದರು, ಗುಲಾಮ ಯಾರ ಕೈಯಲ್ಲಿ ಉಳಿದಿದೆ, ಒಂಬತ್ತು ಬಂತಾ ಇಲ್ಲವಾ, ಇದೆಲ್ಲ ತಲೆಯಲ್ಲಿ ಇಟ್ಟುಕೊಂಡು ತುರುಪು ಯಾವುದು ಅಂತ ಲೆಕ್ಕ ಹಾಕುತ್ತೇವೆ. ಅಲ್ಲಿ ಇರುವುದು ನಾಲ್ಕೇ ಜಾತಿ. ಒಂದೊಂದಾಗಿ ಬಿಡುತ್ತಾ ಬಂದರೆ ಉಳಿದದ್ದೇ ತುರುಪು. ಇಲ್ಲಿ ನಿಯಮಕ್ಕೆ ಕೊನೆಯೇ ಇಲ್ಲವಲ್ಲ? ಹಂಚುವವನ ತಲೆಯಲ್ಲಿ ಏನು ಬೇಕಾದರೂ ಇರಬಹುದು. ಹಾಗಿದ್ದರೆ ಅದನ್ನು ಲೆಕ್ಕ ಹಾಕುವುದು ಹೇಗೆ? ನನಗೆ ಇದು ಅದೃಷ್ಟದ ಆಟದ ಹಾಗೆ ಕಾಣುತ್ತದೆ. ಬೇಸರ ಮಾಡಿಕೊಳ್ಳಬೇಡಿ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ನೀಲಿ ಎಕ್ಕ (ಮಾರತ್ತಹಳ್ಳಿ)

ತಾತ, ನೀವು ಹಿಡಿದದ್ದು ಸರಿಯಾದ ಜಾಗ. ಇಪ್ಪತ್ತೆಂಟರಲ್ಲಿ ಬಿಡುತ್ತಾ ಬಂದು ಉತ್ತರಕ್ಕೆ ತಲುಪಬಹುದು. ಎಲ್ಯೂಸಿಸ್‌ನಲ್ಲಿ ಹಾಗೆ ತಲುಪಲು ಆಗುವುದಿಲ್ಲ. ಎಷ್ಟು ಎಲೆ ಬಿದ್ದರೂ ಅದಕ್ಕೆಲ್ಲ ಹೊಂದುವ ನಿಯಮಗಳು ಹತ್ತಾರು ಇರುತ್ತವೆ. ಹಾಗಂತ ಅದೃಷ್ಟ ಅಲ್ಲ. ಒಂದು ಊಹೆ ಕಟ್ಟಬೇಕು, ಆಮೇಲೆ ಅದು ಮುರಿಯುತ್ತದಾ ಅಂತ ನೋಡಬೇಕು. ಜಾಸ್ತಿ ಜನ ಮೊದಲಿನದನ್ನು ಮಾಡುತ್ತಾರೆ, ಎರಡನೆಯದನ್ನು ಬಿಡುತ್ತಾರೆ.

ಒಂದು ಆಟ ಹೇಳುತ್ತೇನೆ ನೋಡಿ. ಸಾಲು ಹೀಗಿತ್ತು: ಇಸ್ಪೀಟ್ 3, ಆಟೀನ್ 8, ಕಳಾವರ್ 5, ಡೈಮನ್ ರಾಣಿ, ಇಸ್ಪೀಟ್ 9, ಆಟೀನ್ 2. ನೋಡಿದ ಕೂಡಲೇ ಏನನ್ನಿಸುತ್ತದೆ? ಕಪ್ಪು, ಕೆಂಪು, ಕಪ್ಪು, ಕೆಂಪು. ಎಲ್ಲರೂ ಅದನ್ನೇ ಅಂದುಕೊಂಡರು. ಮುಂದಿನವರು ಕಪ್ಪು ಹಾಕಿದರು, ಸರಿ. ಆಮೇಲಿನವರು ಕೆಂಪು, ಸರಿ. ಎಲ್ಲರಿಗೂ ಖುಷಿ, ಕೈ ಖಾಲಿ ಆಗುತ್ತಿದೆ. ಆದರೆ ನಿಯಮ ಅದಾಗಿರಲಿಲ್ಲ! ನಿಜವಾದ ನಿಯಮ "ಹಿಂದಿನ ಎಲೆಯ ಜಾತಿ ಮತ್ತೆ ಬರಬಾರದು" ಅಂತ ಇತ್ತು. ಇಸ್ಪೀಟಿನ ಮುಂದೆ ಕಳಾವರ್ ಕೂಡ ನಡೆಯುತ್ತಿತ್ತು. ಯಾರೂ ಹಾಕಲೇ ಇಲ್ಲ. ಬಣ್ಣ ಬದಲಾದರೆ ಜಾತಿ ಹೇಗೂ ಬದಲಾಗುತ್ತದೆ, ಹಾಗಾಗಿ ತಪ್ಪು ಊಹೆಯಿಂದ ಆಡಿದರೂ ಪ್ರತಿ ಸಲ "ಸರಿ" ಅನ್ನುವ ಉತ್ತರವೇ ಬರುತ್ತಿತ್ತು.

ಇದನ್ನೇ 1960ರಲ್ಲಿ ಲಂಡನ್‌ನಲ್ಲಿ ಪೀಟರ್ ವೇಸನ್ ಅನ್ನುವ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿ ತೋರಿಸಿದ್ದರು. 2, 4, 6 ಅಂತ ಮೂರು ಸಂಖ್ಯೆ ಕೊಟ್ಟು, ಇದು ನನ್ನ ನಿಯಮಕ್ಕೆ ಸರಿ, ನೀವು ಬೇರೆ ಮೂರು ಸಂಖ್ಯೆ ಹೇಳಿ ಕೇಳಿ, ನಿಯಮ ಏನು ಅಂತ ಕಂಡುಹಿಡಿಯಿರಿ ಅಂದರು. ಜನ 8, 10, 12 ಅಂದರು, 20, 22, 24 ಅಂದರು, ಎಲ್ಲದಕ್ಕೂ ಸರಿ ಸರಿ ಅಂತ ಉತ್ತರ ಬಂತು, "ಎರಡೆರಡು ಹೆಚ್ಚುತ್ತದೆ" ಅಂತ ಧೈರ್ಯವಾಗಿ ಹೇಳಿದರು. ನಿಯಮ ಬರೀ "ಏರುತ್ತಾ ಹೋಗಬೇಕು" ಅಂತ ಇತ್ತು. 1, 2, 50 ಅಂದಿದ್ದರೆ ಸಾಕಿತ್ತು. 29 ಜನರಲ್ಲಿ ಮೊದಲ ಉತ್ತರವೇ ಸರಿ ಹೇಳಿದವರು 6 ಜನ. ಎಲ್ಯೂಸಿಸ್ ಅಂದರೆ ನನಗೆ ಇದೇ ಪ್ರಯೋಗ, ಆದರೆ ನಾಲ್ಕೈದು ಜನ ಸೇರಿ ಮಾಡುವುದು.

ಸುಮ್ನೆ ಓದುಗ

ನಾನು ಇನ್ನೂ ಒಂದು ಸಲವೂ ಆಡಿಲ್ಲ, ಓದಿ ಆಸೆ ಆಗಿದೆ. ಒಂದು ಸಂಶಯ. ತಪ್ಪು ಎಲೆ ಹಾಕಿದರೆ ಎರಡು ಎಲೆ ದಂಡ ಅಂತೀರಿ. ಊಹೆ ಮುರಿಯುವ ಎಲೆ ಹಾಕಿ ಅಂತಲೂ ಅಂತೀರಿ. ತಪ್ಪಾಗುತ್ತದೆ ಅಂತ ಗೊತ್ತಿದ್ದೂ ಯಾರು ಹಾಕುತ್ತಾರೆ? ಪಕ್ಕದವರು ಹಾಕಲಿ, ನಾನು ನೋಡಿಕೊಂಡು ಲಾಭ ಮಾಡಿಕೊಳ್ಳುತ್ತೇನೆ ಅಂತ ಎಲ್ಲರೂ ಕೂತರೆ?

ಹೈಸ್ಕೂಲ್ ಮೇಷ್ಟ್ರು (ರಾಜಾಜಿನಗರ)

ಬಂದೆ. ಓದುಗರೇ, ನಿಮ್ಮ ಸಂಶಯಕ್ಕೂ ರಾಣಿಯವರ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ, ಅಂಕ ಲೆಕ್ಕದಲ್ಲಿ.

ಹೊಸ ಆವೃತ್ತಿಯಲ್ಲಿ ನಿಯಮ ಗೊತ್ತಾಯಿತು ಅನ್ನಿಸಿದವರು ತಮ್ಮ ಎಲೆ ಹಾಕಿದ ಕೂಡಲೇ "ನಾನು ಪ್ರವಾದಿ" ಅಂತ ಹೇಳಿಕೊಳ್ಳಬಹುದು. ನಿಯಮ ಏನು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿಂದ ಮುಂದೆ ಉಳಿದವರು ಹಾಕುವ ಎಲೆಗೆ ಸರಿ ತಪ್ಪು ಹೇಳುವುದು ಅವರ ಕೆಲಸ. ಹಂಚಿದವರು ಪ್ರವಾದಿ ಹೇಳಿದ್ದು ಸರಿಯಾ ಅಂತ ಮಾತ್ರ ನೋಡುತ್ತಾರೆ. ಒಂದು ಸಲ ಎಡವಿದರೂ ಪ್ರವಾದಿ ಪಟ್ಟ ಹೋಯಿತು, ಐದು ಎಲೆ ದಂಡ, ಆ ಆಟದಲ್ಲಿ ಅವರಿಗೆ ಇನ್ನೊಂದು ಅವಕಾಶವೂ ಇಲ್ಲ. ಕೊನೆತನಕ ನಿಂತರೆ, ಪ್ರವಾದಿ ಆದಮೇಲೆ ಬಿದ್ದ ಪ್ರತಿ ಸರಿ ಎಲೆಗೆ 1 ಅಂಕ, ತಪ್ಪು ಎಲೆಗೆ 2 ಅಂಕ ಹೆಚ್ಚುವರಿ. ಅಂದರೆ ಊಹೆಯನ್ನು ಮುರಿದು ನೋಡದೆ ಪ್ರವಾದಿ ಆದವರು ಬೀಳುತ್ತಾರೆ. ನೀಲಿ ಎಕ್ಕ ಹೇಳಿದ ಆಟದಲ್ಲಿ "ಬಣ್ಣ ಬದಲಾಗಬೇಕು" ಅಂತ ನಂಬಿ ಪ್ರವಾದಿ ಆದವರ ಎದುರು ಯಾರೋ ಇಸ್ಪೀಟಿನ ಮೇಲೆ ಕಳಾವರ್ ಹಾಕಿದರೆ ಅಲ್ಲಿಗೆ ಕಥೆ ಮುಗಿಯಿತು. ಎರಡು ಎಲೆ ದಂಡ ಕೊಟ್ಟು ಮೊದಲೇ ತಿಳಿದುಕೊಳ್ಳುವುದು ಇದಕ್ಕಿಂತ ಅಗ್ಗ. ಅದೂ ಅಲ್ಲದೆ, ಊಹೆ ಮುರಿಯಲು ಹಾಕಿದ ಎಲೆ ತಪ್ಪೇ ಆಗಬೇಕು ಅಂತ ಇಲ್ಲ. ಆ ಕಳಾವರ್ ಎಲೆ ಸರಿ ಬೀಳುತ್ತಿತ್ತು! ಸರಿ ಬಿದ್ದೇ ಊಹೆಯನ್ನು ಮುರಿಯುತ್ತಿತ್ತು.

ಈಗ ಹಂಚುವವರ ಅಂಕ. ಇದು ಅಬಾಟ್ ಮಾಡಿದ ದೊಡ್ಡ ಬುದ್ಧಿವಂತಿಕೆ ಅನ್ನುವುದು ನನ್ನ ಅಭಿಪ್ರಾಯ. ಆಡುವವರ ಅಂಕ ಹೀಗೆ: ಯಾರ ಕೈಯಲ್ಲಿ ಅತಿ ಹೆಚ್ಚು ಎಲೆ ಉಳಿದಿದೆಯೋ ಅದರಿಂದ ನಿಮ್ಮ ಕೈ ಎಲೆ ಕಳೆಯಬೇಕು. ಕೈ ಖಾಲಿ ಆಗಿದ್ದರೆ 4 ಅಂಕ ಜಾಸ್ತಿ. ಹಂಚಿದವರಿಗೆ ಸಿಗುವುದು ಆಡುವವರಲ್ಲಿ ಅತಿ ಹೆಚ್ಚು ಯಾರಿಗೆ ಬಂತೋ ಅಷ್ಟೇ ಅಂಕ. ಆದರೆ ಕೊನೆತನಕ ನಿಂತ ಪ್ರವಾದಿ ಇದ್ದರೆ, ಅವರು ಪ್ರವಾದಿ ಆಗುವ ಮುಂಚೆ ಎಷ್ಟು ಎಲೆ ಬಿದ್ದಿದ್ದವು ಅಂತ ಸರಿ ತಪ್ಪು ಎರಡನ್ನೂ ಸೇರಿಸಿ ಎಣಿಸಿ, ದುಪ್ಪಟ್ಟು ಮಾಡಬೇಕು. ಇದರಲ್ಲಿ ಯಾವುದು ಕಡಿಮೆಯೋ ಅದು ಹಂಚಿದವರಿಗೆ.

ಯಾರಿಗೂ ಹೊಳೆಯದ ನಿಯಮ ಮಾಡಿದರೆ ಏನಾಗುತ್ತದೆ? ಎಲ್ಲರ ಕೈಯೂ ತುಂಬಿರುತ್ತದೆ, ಕಳೆದರೆ ಒಂದೋ ಎರಡೋ ಉಳಿಯುತ್ತದೆ, ಹಂಚಿದವರಿಗೂ ಅಷ್ಟೇ. ತೀರಾ ಸುಲಭ ಮಾಡಿ ಮೂರನೇ ಎಲೆಗೇ ಒಬ್ಬರು ಪ್ರವಾದಿ ಆದರೆ ಹಂಚಿದವರಿಗೆ ಆರಕ್ಕಿಂತ ಜಾಸ್ತಿ ಸಿಗುವುದಿಲ್ಲ. ಒಬ್ಬರಿಗೆ ಹೊಳೆದು ಇನ್ನೊಬ್ಬರಿಗೆ ಹೊಳೆಯದ ನಿಯಮ, ಅದೂ ಸ್ವಲ್ಪ ಹೊತ್ತು ಆದಮೇಲೆ ಹೊಳೆಯುವ ನಿಯಮ ಮಾಡಿದವರಿಗೇ ಅಂಕ. ರಾಣಿಯವರೇ, ನಿಮ್ಮ ಗುಂಪಿನಲ್ಲಿ ಅಂಕ ಬರೆಯುತ್ತೀರಾ? ಬರೆಯದೇ ಆಡಿದರೆ ಹಂಚುವವರಿಗೆ ಕಷ್ಟದ ನಿಯಮ ಮಾಡಿ ಮೆರೆಯುವುದೇ ಗೆಲುವಾಗಿಬಿಡುತ್ತದೆ.

ಕಳಾವರ್ ರಾಣಿ (ಬನಶಂಕರಿ)

ಅಂಕ ಬರೆಯುವುದಿಲ್ಲ ಮೇಷ್ಟ್ರೇ! ಮನೆ ಆಟಕ್ಕೆ ಯಾಕೆ ಅಂತ ಬಿಟ್ಟಿದ್ದೆವು. ಈಗ ಅರ್ಥ ಆಯಿತು. ಒಂದು ಮಾದರಿ ಸಾಲು ಇಲ್ಲೇ ಹಾಕುತ್ತೀರಾ? ಎಲ್ಲರೂ ಸೇರಿ ಹಿಡಿಯೋಣ. ತಾತನವರೂ ನೋಡಲಿ.

ಹೈಸ್ಕೂಲ್ ಮೇಷ್ಟ್ರು (ರಾಜಾಜಿನಗರ)

ಹಾಕಿದೆ. ಮೊದಲ ಎಲೆ ಆಟೀನ್ 10. ನಿಯಮ ಕೊನೆಯ ಒಂದು ಎಲೆಯನ್ನು ಮಾತ್ರ ನೋಡುತ್ತದೆ.

ಸರಿ ಸಾಲು: ಆಟೀನ್ 10, ಕಳಾವರ್ 8, ಡೈಮನ್ 3, ಇಸ್ಪೀಟ್ ರಾಣಿ, ಇಸ್ಪೀಟ್ 2, ಆಟೀನ್ 5, ಡೈಮನ್ 9, ಕಳಾವರ್ ರಾಜ, ಕಳಾವರ್ 6.

ತಪ್ಪು ಬಿದ್ದವು: ಆಟೀನ್ 10ರ ಕೆಳಗೆ ಇಸ್ಪೀಟ್ 4. ಕಳಾವರ್ 8ರ ಕೆಳಗೆ ಆಟೀನ್ ಗುಲಾಮ, ಕಳಾವರ್ 9. ಡೈಮನ್ 3ರ ಕೆಳಗೆ ಆಟೀನ್ 2. ಇಸ್ಪೀಟ್ ರಾಣಿ ಕೆಳಗೆ ಇಸ್ಪೀಟ್ ರಾಜ. ಇಸ್ಪೀಟ್ 2ರ ಕೆಳಗೆ ಡೈಮನ್ 10. ಆಟೀನ್ 5ರ ಕೆಳಗೆ ಆಟೀನ್ 6, ಕಳಾವರ್ ಎಕ್ಕ. ಕಳಾವರ್ ರಾಜನ ಕೆಳಗೆ ಡೈಮನ್ ರಾಣಿ.

ಈಗ ಕೊನೆಯಲ್ಲಿರುವುದು ಕಳಾವರ್ 6. ಎಲೆ ಹೇಳಿ, ಸರಿ ತಪ್ಪು ಹೇಳುತ್ತೇನೆ.

ಸುಮ್ನೆ ಓದುಗ

ಕೆಂಪಿನ ಮುಂದೆ ಏರಬೇಕು, ಕಪ್ಪಿನ ಮುಂದೆ ಇಳಿಯಬೇಕು. ಡೈಮನ್ 3ರ ಮುಂದೆ ರಾಣಿ, ಆಟೀನ್ 5ರ ಮುಂದೆ 9. ಕಪ್ಪು ರಾಣಿ ಮುಂದೆ 2. ಸರಿ ಅಲ್ವಾ?

ನೀಲಿ ಎಕ್ಕ (ಮಾರತ್ತಹಳ್ಳಿ)

ಮೊದಲ ಹೆಜ್ಜೆಯಲ್ಲೇ ಮುರಿಯಿತು ನೋಡಿ. ಆಟೀನ್ 10 ಕೆಂಪು, ಅದರ ಮುಂದೆ 8 ಬಂದಿದೆ, ಇಳಿದಿದೆ, ಆದರೂ ಸರಿ. ಇಸ್ಪೀಟ್ 2 ಕಪ್ಪು, ಅದರ ಮುಂದೆ 5, ಏರಿದೆ. ಆದರೆ ಬಣ್ಣ ನೋಡಿದ್ದೀರಲ್ಲ, ಅದು ಒಳ್ಳೆ ಎಳೆ, ಬಿಡಬೇಡಿ. ಸಾಲನ್ನು ಎರಡು ಗುಂಪು ಮಾಡಿ. ಕೆಂಪಿನ ಮುಂದೆ ಏನು ಬಂತು, ಕಪ್ಪಿನ ಮುಂದೆ ಏನು ಬಂತು.

ಕಳಾವರ್ ರಾಣಿ (ಬನಶಂಕರಿ)

ಮಾಡಿದೆ. ಕೆಂಪಿನ ಮುಂದೆ ಸರಿ ಬಿದ್ದವು 8, ರಾಣಿ, 9, ರಾಜ. ತಪ್ಪು ಬಿದ್ದವು 4, 2, 6, ಎಕ್ಕ. ಕಪ್ಪಿನ ಮುಂದೆ ಸರಿ 3, 2, 5, 6. ತಪ್ಪು ಗುಲಾಮ, 9, ರಾಜ, 10, ರಾಣಿ. ಕೆಂಪಿನ ಮುಂದೆ ದೊಡ್ಡದು, ಕಪ್ಪಿನ ಮುಂದೆ ಚಿಕ್ಕದು! ಹಿಂದಿನದಕ್ಕಿಂತ ದೊಡ್ಡದು ಅಲ್ಲ, ಸುಮ್ನೆ ದೊಡ್ಡ ಎಲೆ. ಕಳಾವರ್ 6ರ ಮುಂದೆ ಆಟೀನ್ 4 ಹಾಕುತ್ತೇನೆ.

ಗಾಂಧಿ ಬಜಾರ್ ತಾತ

ಅಮ್ಮಾ, 4 ಹಾಕಿ ಏನು ಪ್ರಯೋಜನ? ಅದು ಸರಿ ಅಂತಾರೆ, ನಿಮಗೆ ಹೊಸದೇನೂ ಗೊತ್ತಾಗುವುದಿಲ್ಲ. ಗೊತ್ತಿಲ್ಲದ್ದು ಎಲ್ಲಿದೆ ನೋಡಿ. ದೊಡ್ಡದು ಎಲ್ಲಿಂದ ಶುರು? 7 ಎಲ್ಲೂ ಬಿದ್ದಿಲ್ಲ. ಕಪ್ಪಿನ ಮುಂದೆ 8ನ್ನೂ ಯಾರೂ ಹಾಕಿ ನೋಡಿಲ್ಲ. ನಾನಾಗಿದ್ದರೆ 7 ಹಾಕುತ್ತಿದ್ದೆ. ಆಟೀನ್ 7.

ಹೈಸ್ಕೂಲ್ ಮೇಷ್ಟ್ರು (ರಾಜಾಜಿನಗರ)

ಆಟೀನ್ 7 ಸರಿ. ತಾತನವರು ಆಡಿದ್ದು ಈ ಆಟದ ಜೀವ. ಸಾಲಿನ ಕೊನೆಯಲ್ಲಿ ಈಗ ಆಟೀನ್ 7.

ಗಾಂಧಿ ಬಜಾರ್ ತಾತ

ಹಾಗಾದರೆ 7 ಚಿಕ್ಕದರ ಗುಂಪು. ಈಗ ಕೆಂಪು ಕೂತಿದೆ. ಇದರ ಮುಂದೆ 7 ತಪ್ಪಾಗಬೇಕು. ಆದರೂ ನೋಡಿಯೇ ಬಿಡೋಣ, ಇಸ್ಪೀಟ್ 7.

ಹೈಸ್ಕೂಲ್ ಮೇಷ್ಟ್ರು (ರಾಜಾಜಿನಗರ)

ಇಸ್ಪೀಟ್ 7 ಸರಿ!

ನೀಲಿ ಎಕ್ಕ (ಮಾರತ್ತಹಳ್ಳಿ)

ಆಹಾ. 7 ಎರಡೂ ಕಡೆ ನಡೆಯುತ್ತದೆ. ಈಗ ಕೊನೆಯಲ್ಲಿ ಕಪ್ಪು ಇದೆ, ಡೈಮನ್ 8.

ಹೈಸ್ಕೂಲ್ ಮೇಷ್ಟ್ರು (ರಾಜಾಜಿನಗರ)

ಡೈಮನ್ 8 ತಪ್ಪು. ಇಲ್ಲಿಗೆ ಮುಗಿಯಿತು ಅನ್ನಬಹುದು. ಚೀಟಿಯಲ್ಲಿ ಹೀಗಿದೆ: ಕೊನೆಯ ಎಲೆ ಕೆಂಪಾದರೆ ಮುಂದೆ 7 ಅಥವಾ ಅದಕ್ಕಿಂತ ದೊಡ್ಡದು, ಕಪ್ಪಾದರೆ 7 ಅಥವಾ ಅದಕ್ಕಿಂತ ಚಿಕ್ಕದು. ಯಾವಾಗಲೂ 52ರಲ್ಲಿ 28 ಎಲೆ ನಡೆಯುತ್ತವೆ. ರಾಣಿಯವರು "ದೊಡ್ಡದು, ಚಿಕ್ಕದು" ಅಂದಾಗಲೇ ಪ್ರವಾದಿ ಆಗಿದ್ದರೆ ಯಾರೋ 7 ಹಾಕಿದ ಕೂಡಲೇ ಬೀಳುವ ಅಪಾಯ ಇತ್ತು. ಇಷ್ಟೂ ಎಲೆಗಳಲ್ಲಿ ಆ ಒಂದು 7 ಮಾತ್ರ ಎರಡೂ ಕಡೆ ಕತ್ತಲಲ್ಲಿತ್ತು, ತಾತನವರು ಅಲ್ಲಿಗೇ ದೀಪ ಹಿಡಿದರು.

ಗಾಂಧಿ ಬಜಾರ್ ತಾತ

ಅದೃಷ್ಟ ಅಂದ ಮಾತು ವಾಪಸ್ ತಗೊಂಡೆ. ಇದು ಬೇರೆ ತರಹದ ಲೆಕ್ಕ. ಇಪ್ಪತ್ತೆಂಟರಲ್ಲಿ ಎದುರಿನವರು ಹಾಕುವ ಎಲೆಗೆ ಕಾಯಬೇಕು, ಇಲ್ಲಿ ನಾವೇ ಕೇಳಬಹುದು. ಇದು ನನಗೆ ಹಿಡಿಸಿತು. ಆದರೆ ಇನ್ನೊಂದು ಪ್ರಶ್ನೆ. ಕೈಯಲ್ಲಿ 7 ಇಲ್ಲದಿದ್ದರೆ?

ನೀಲಿ ಎಕ್ಕ (ಮಾರತ್ತಹಳ್ಳಿ)

ಆಗ ಬೇರೆಯವರು ಹಾಕುವವರೆಗೆ ಕಾಯಬೇಕು ತಾತ, ಕೈಗೆ ಬಂದ ಎಲೆಯಲ್ಲೇ ಪ್ರಯೋಗ ಮಾಡಬೇಕು. ಅದೃಷ್ಟ ಇರುವುದು ಅಷ್ಟೇ.

ಹಾಗೆಯೇ ನಡೆಯುವ ಎಲೆ ನನ್ನ ಹತ್ತಿರ ಒಂದೂ ಇಲ್ಲ ಅನ್ನಿಸಿದರೆ ಹಾಗಂತ ಹೇಳಿ ಕೈ ಬಿಚ್ಚಿ ತೋರಿಸಬಹುದು. ನೀವು ಹೇಳಿದ್ದು ನಿಜ ಆಗಿ, ಕೈಯಲ್ಲಿ ನಾಲ್ಕೋ ಅದಕ್ಕಿಂತ ಕಡಿಮೆಯೋ ಎಲೆ ಇದ್ದರೆ ಆ ಸುತ್ತು ಅಲ್ಲೇ ಮುಗಿಯುತ್ತದೆ. ಐದೋ ಜಾಸ್ತಿಯೋ ಇದ್ದರೆ ಆ ಕೈ ಪೂರ್ತಿ ಪಕ್ಕಕ್ಕೆ ಹೋಗಿ, ಅದಕ್ಕಿಂತ ನಾಲ್ಕು ಕಡಿಮೆ ಎಲೆಯ ಹೊಸ ಕೈ ಸಿಗುತ್ತದೆ. ಸುಳ್ಳಾದರೆ ಹಂಚಿದವರು ನಿಮ್ಮ ಕೈಯಿಂದಲೇ ಸರಿ ಎಲೆ ಎತ್ತಿ ಹಾಕಿ ಐದು ಎಲೆ ದಂಡ ಕೊಡುತ್ತಾರೆ. ಇದರಿಂದ ಉಳಿದವರಿಗೆ ಒಂದು ಕೈ ಪೂರ್ತಿ ಎಲೆಗಳ ಸುದ್ದಿ ಒಮ್ಮೆಲೇ ಸಿಗುತ್ತದೆ. ಹೊಸಬರು ಇದನ್ನು ಮರೆಯುತ್ತಾರೆ. ನನ್ನ ಪ್ರಕಾರ ಇಡೀ ಆಟದಲ್ಲಿ ಅತಿ ಹೆಚ್ಚು ತಿಳಿಯುವ ಗಳಿಗೆ ಇದೇ.

ನನ್ನ ಕೆಲಸ ಸಾಫ್ಟ್‌ವೇರ್, ಅದಕ್ಕೆ ಇದನ್ನೂ ಸೇರಿಸುತ್ತೇನೆ. 1980ರ ದಶಕದಲ್ಲಿ ಮೈಕಲ್‌ಸ್ಕಿ, ಡೀಟರಿಕ್ ಅನ್ನುವ ಸಂಶೋಧಕರು ಎಲ್ಯೂಸಿಸ್ ನಿಯಮ ಊಹಿಸುವ ಕಂಪ್ಯೂಟರ್ ಪ್ರೋಗ್ರಾಂ ಬರೆದಿದ್ದರು. ಅದು ಸಿಕ್ಕಸಿಕ್ಕ ನಿಯಮ ಹುಡುಕುತ್ತಿರಲಿಲ್ಲ. ಮೊದಲು ನಿಯಮದ ಆಕಾರ ಯಾವುದಿರಬಹುದು ಅಂತ ಆರಿಸುತ್ತಿತ್ತು. "ಹೀಗಿದ್ದರೆ ಹಾಗೆ" ಅನ್ನುವ ಆಕಾರ ಒಂದು, ಸುತ್ತಿ ಸುತ್ತಿ ಬರುವ ಸರದಿಯ ಆಕಾರ ಇನ್ನೊಂದು, ಹೀಗೆ. ನಾವು ಆಡುವಾಗಲೂ ಇದು ಕೆಲಸಕ್ಕೆ ಬರುತ್ತದೆ. ಮೊದಲು ಸಾಲನ್ನು ಎರಡೆರಡು, ಮೂರುಮೂರು ಎಲೆಯಾಗಿ ಮುರಿದು ಸರದಿ ಇದೆಯಾ ನೋಡಿ. ಇಲ್ಲದಿದ್ದರೆ ಈಗ ಮಾಡಿದ ಹಾಗೆ ಬಣ್ಣ, ಸಮ ಬೆಸ, ದೊಡ್ಡ ಚಿಕ್ಕ, ಚಿತ್ರದ ಎಲೆ, ಇದರಲ್ಲಿ ಯಾವುದಾದರೂ ಒಂದರಿಂದ ಗುಂಪು ಮಾಡಿ. ತಪ್ಪು ಎಲೆಗಳನ್ನು ಮರೆಯಬೇಡಿ. ಸರಿ ಸಾಲನ್ನು ಮಾತ್ರ ದಿಟ್ಟಿಸುವವರೇ ಜಾಸ್ತಿ.

ಮೂರನೇ ಕ್ರಾಸ್ (ಮಲ್ಲೇಶ್ವರ)

ನಮ್ಮ ಮನೆಯಲ್ಲಿ ಮಕ್ಕಳ ಜೊತೆ ಆಡುತ್ತೇವೆ, ದೊಡ್ಡವಳಿಗೆ ಹತ್ತು ವರ್ಷ. ಪ್ರವಾದಿ, ದುಪ್ಪಟ್ಟು ಲೆಕ್ಕ ಎಲ್ಲ ಮಕ್ಕಳಿಗೆ ಭಾರ. ಅವರಿಗೆ ಎಲ್ಯೂಸಿಸ್ ಎಕ್ಸ್‌ಪ್ರೆಸ್ ಅಂತ ಚಿಕ್ಕ ರೂಪ ಇದೆ, ಜಾನ್ ಗೋಲ್ಡನ್ ಅನ್ನುವ ಗಣಿತದ ಪ್ರಾಧ್ಯಾಪಕರು ಮಾಡಿದ್ದು. 12 ಎಲೆ ಹಂಚುವುದು, ತಪ್ಪಿದರೆ ಒಂದೇ ಎಲೆ ದಂಡ. ಸರಿ ಬಿದ್ದರೆ ನಿಯಮ ಏನು ಅಂತ ಎಲ್ಲರ ಎದುರು ಜೋರಾಗಿ ಊಹಿಸಬಹುದು, ಊಹೆ ತಪ್ಪಾದರೆ ಆಟ ಮುಂದುವರಿಯುತ್ತದೆ. ಒಬ್ಬರ ಊಹೆ ಎಲ್ಲರಿಗೂ ಕೇಳುವುದರಿಂದ ಚಿಕ್ಕವರು ದೊಡ್ಡವರ ಯೋಚನೆಯ ದಾರಿಯನ್ನು ಕಲಿಯುತ್ತಾರೆ. ಶುರು ಮಾಡುವವರು ಇದರಿಂದಲೇ ಮಾಡಿ.

ಮಕ್ಕಳು ಹಂಚುವವರಾದಾಗ ಒಂದು ಎಚ್ಚರ ಬೇಕು. ನಿಯಮ ನೆಲದ ಮೇಲೆ ಬಿದ್ದ ಎಲೆಗಳಲ್ಲೇ ಇರಬೇಕು. "ಅಪ್ಪ ಎಡಗೈಯಲ್ಲಿ ಹಾಕಿದರೆ ತಪ್ಪು" ತರಹದ ನಿಯಮ ಮಕ್ಕಳಿಗೆ ತುಂಬಾ ಇಷ್ಟ, ಆದರೆ ಅದು ಎಲ್ಯೂಸಿಸ್ ಅಲ್ಲ. ಯಾರು ಹಾಕಿದರು, ಗಂಟೆ ಎಷ್ಟು, ಕೈಯಲ್ಲಿ ಎಷ್ಟು ಎಲೆ ಇದೆ, ಯಾವುದೂ ಲೆಕ್ಕಕ್ಕೆ ಬರಬಾರದು.

ಇನ್ನೊಂದು ಎಚ್ಚರ, ಇದು ದೊಡ್ಡವರಿಗೂ. ಹಂಚಿದವರು ಒಂದು ಎಲೆಗೆ ಸರಿ ಹೇಳಬೇಕಾದ ಕಡೆ ತಪ್ಪು ಅಂದುಬಿಟ್ಟರೆ ಇಡೀ ಸುತ್ತು ಹಾಳು. ಆಡುವವರು ಇಲ್ಲದ ನಿಯಮವನ್ನು ಹುಡುಕುತ್ತಾ ಕೂರುತ್ತಾರೆ. ಹಾಗಾಗಿ ಚೀಟಿ ಕಣ್ಣೆದುರು ಇರಲಿ, ಪ್ರತಿ ಸಲ ಓದಿ ಉತ್ತರ ಹೇಳಿ, ಅವಸರ ಬೇಡ. ಕಷ್ಟದ ನಿಯಮ ಬೇಡ ಅನ್ನಲು ಇದೂ ಒಂದು ಕಾರಣ.

ಕಳಾವರ್ ರಾಣಿ (ಬನಶಂಕರಿ)

ಜಾಗದ ಬಗ್ಗೆ ಯಾರಾದರೂ ಹೇಳಿ. ಮೇಜಿನ ಮೇಲೆ ಸಾಲು ಹಿಡಿಸುವುದಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್ ಹೌಸಿನಲ್ಲಿ ದೊಡ್ಡ ಜಾಗ ಇದೆ, ಆದರೆ ಇಸ್ಪೀಟು ಕಂಡ ಕೂಡಲೇ ದುಡ್ಡು ಕಟ್ಟಿ ಆಡುತ್ತಿದ್ದಾರೆ ಅಂತ ಮುಖ ಗಂಟು ಹಾಕುತ್ತಾರೆ.

ಮೂರನೇ ಕ್ರಾಸ್ (ಮಲ್ಲೇಶ್ವರ)

ನೆಲದ ಮೇಲೆ ಚಾಪೆ ಹಾಸಿಬಿಡಿ. ಸಾಲು ಗೋಡೆ ತಲುಪಿದರೆ ಕೆಳಗೆ ಎರಡನೇ ಸಾಲು ಶುರು ಮಾಡಿ, ಮಧ್ಯೆ ತಪ್ಪು ಎಲೆಗಳಿಗೆ ಜಾಗ ಬಿಟ್ಟು. ಕ್ಲಬ್ ಹೌಸಿನವರಿಗೆ ಹೇಳುವುದೇನೂ ಬೇಡ, ಬಂದು ಕೂರಿ ಅಂತ ಕರೆದು ಕೈಗೆ 12 ಎಲೆ ಕೊಡಿ.

ಮಗಳು ಈ ಚರ್ಚೆ ಓದಿ ತಾನೂ ಒಂದು ನಿಯಮ ಮಾಡಿದ್ದಾಳೆ. ನಾನು ಚೀಟಿ ನೋಡಿದ್ದೇನೆ, ಅರ್ಧದ ಹತ್ತಿರ ಎಲೆಗಳು ನಡೆಯುತ್ತವೆ, ಕೊನೆಯ ಒಂದೇ ಎಲೆ ನೋಡಿದರೆ ಸಾಕು.

ಸರಿ ಸಾಲು: ಇಸ್ಪೀಟ್ 6, ಆಟೀನ್ 10, ಆಟೀನ್ 9, ಕಳಾವರ್ ಗುಲಾಮ, ಡೈಮನ್ 2, ಇಸ್ಪೀಟ್ 7, ಕಳಾವರ್ ರಾಣಿ.

ತಪ್ಪು ಬಿದ್ದವು: ಇಸ್ಪೀಟ್ 6ರ ಕೆಳಗೆ ಆಟೀನ್ 3, ಇಸ್ಪೀಟ್ ರಾಜ. ಆಟೀನ್ 10ರ ಕೆಳಗೆ ಕಳಾವರ್ 4. ಆಟೀನ್ 9ರ ಕೆಳಗೆ ಡೈಮನ್ 8, ಇಸ್ಪೀಟ್ ರಾಣಿ. ಕಳಾವರ್ ಗುಲಾಮನ ಕೆಳಗೆ ಕಳಾವರ್ 5. ಇಸ್ಪೀಟ್ 7ರ ಕೆಳಗೆ ಆಟೀನ್ ಎಕ್ಕ.

ನಿಯಮ ಹೇಳಬೇಡಿ, ಎಲೆ ಹೇಳಿ ಅಂತ ಅವಳ ಷರತ್ತು. ಈಗ ಟ್ಯೂಷನ್‌ಗೆ ಹೊರಟಿದ್ದಾಳೆ, ಎಂಟು ಗಂಟೆಗೆ ಬಂದು ಒಂದೊಂದಕ್ಕೂ ಸರಿ ತಪ್ಪು ಹೇಳುತ್ತಾಳೆ.

ಗಾಂಧಿ ಬಜಾರ್ ತಾತ

ಪುಟ್ಟೀ, ಡೈಮನ್ ಗುಲಾಮ ಹಾಕಿದ್ದೇನೆ. ತಪ್ಪಾಗುತ್ತದೆ ಅಂತ ನನ್ನ ಲೆಕ್ಕ. ನೋಡಿ ಹೇಳಮ್ಮ.